ವೇದಿಕೆಯನ್ನು ಬಿಟ್ಟ ಪಿಯಾನೋ ವಾದಕ

ರಷ್ಯದ ಸಂಗೀತಗಾರನೊಬ್ಬ ಯುದ್ಧಕಾಲದ ಇಂಗ್ಲೆಂಡಿನಲ್ಲಿ ಕುಳಿತು ಬರೆದು ಮುಗಿಸಿದ ಪಿಯಾನೋ ಕೃತಿಯೊಂದು ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ ಎಂದರೆ ನಮ್ಮಲ್ಲಿ ಹಲವರಿಗೆ ಅದು ಕಟ್ಟುಕತೆಯಂತೆ ತೋರಬಹುದು. ಕೃತಿಯೂ ನಿಜ, ಅರ್ಪಣೆಯೂ ನಿಜ. ಕೃತಿಯನ್ನು ಬರೆದವನು ನಿಕೊಲಾಯ್ ಮೆಟ್ನರ್. ಅರ್ಪಣೆಯನ್ನು ಸ್ವೀಕರಿಸಿದವರು ಶ್ರೀ ಜಯಚಾಮರಾಜ ಒಡೆಯರು. ಒಡೆಯರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಪಿಯಾನೋ ಸಂಗೀತವನ್ನು ಬಲ್ಲವರು ಸ್ಕ್ರ್ಯಾಬಿನ್, ರಾಖ್ಮನಿನಾಫ್ ಎಂದು ಎಣಿಸುವಾಗ ಅವರ ಮಗ್ಗುಲಲ್ಲಿಯೇ ಹೇಳುವ ಮೆಟ್ನರನ ಹೆಸರು ಮಾತ್ರ ನಮ್ಮ ಕಡೆ ಅಷ್ಟಾಗಿ ಸುಳಿದಿಲ್ಲ. ನಾನು ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಅಭ್ಯಾಸಮಾಡಿದವನಲ್ಲ, ಕೇಳಿ ಸುಖಿಸುವವನು. ಆದರೆ ಈತನ ಬಾಳಿನ ಕತೆ ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನಿಂತಿದೆ. ಒಂದು ವಿದ್ಯೆ ಅನ್ನವನ್ನೂ ಕೀರ್ತಿಯನ್ನೂ ಕೊಡಲು ಸಿದ್ಧವಾಗಿರುವಾಗ ಮನುಷ್ಯನು ಅದನ್ನು ಬದಿಗಿಟ್ಟು, ಯಾರೂ ಕೇಳದಿದ್ದರೂ ತಾನು ಮಾಡಲೇಬೇಕೆಂದು ನಂಬಿದ ಕೆಲಸಕ್ಕೆ ಕೈಹಾಕಿದರೆ ಅವನಿಗೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೆಟ್ನರ್ ಹುಟ್ಟಿದ್ದು ಮಾಸ್ಕೋ ನಗರದಲ್ಲಿ, ೧೮೮೦ರ ಜನವರಿ ೫ರಂದು. ರಷ್ಯದ ಹಳೆಯ ಪಂಚಾಂಗದ ಪ್ರಕಾರ ಆ ದಿನ ೧೮೭೯ರ ಡಿಸೆಂಬರಿಗೆ ಸೇರುತ್ತದೆ. ಐದು ಮಕ್ಕಳಲ್ಲಿ ಇವನೇ ಕಿರಿಯ. ರಷ್ಯದಲ್ಲಿ ನೆಲೆಗೊಂಡಿದ್ದರೂ ಯೂರೋಪಿನ ಬೇರೆ ನಾಡುಗಳಿಂದ ಬಂದ ಮನೆತನ; ಮನೆಯಲ್ಲಿ ಪುಷ್ಕಿನ್ ಎಷ್ಟು ಹತ್ತಿರದವನೋ ಜರ್ಮನರ ಗಯಟೆಯೂ ಅಷ್ಟೇ ಹತ್ತಿರದವನು. ಮುಂದೆ ಈತ ರಾಗಕ್ಕೆ ಅಳವಡಿಸಿದ ನೂರಕ್ಕೂ ಮೀರಿದ ಹಾಡುಗಳಲ್ಲಿ ಈ ಇಬ್ಬರು ಕವಿಗಳಿಗೇ ದೊಡ್ಡ ಪಾಲು. ಪಿಯಾನೋದ ಮೊದಲ ಪಾಠ ತಾಯಿಯಿಂದ. ಹನ್ನೆರಡನೆಯ ವಯಸ್ಸಿನಲ್ಲಿ ಮಾಸ್ಕೋದ ಸಂಗೀತ ವಿದ್ಯಾಲಯವನ್ನು ಸೇರಿದ. ಕೊನೆಗೆ ಸಫೋನಫ್ ಎಂಬ ಮಹಾ ಶಿಕ್ಷಕನ ಕೈಯಲ್ಲಿ ಪಳಗಿದ. ಸಫೋನಫನ ಶಿಷ್ಯನೆಂದರೆ ಆ ಕಾಲದಲ್ಲಿ ಅದೇ ಒಂದು ಬಿರುದು. ೧೯೦೦ರಲ್ಲಿ ಸುವರ್ಣ ಪದಕದೊಡನೆ ವಿದ್ಯಾಲಯದಿಂದ ಹೊರಬಂದ ತರುಣನಿಗೆ ಇಪ್ಪತ್ತು ವರ್ಷ. ಅದೇ ವರ್ಷ ವಿಯೆನ್ನಾ ನಗರದಲ್ಲಿ ನಡೆದ ರೂಬಿನ್‌ಸ್ಟೈನ್ ಸ್ಪರ್ಧೆಯಲ್ಲಿ ಗೌರವ ಮನ್ನಣೆ ದೊರೆಯಿತು. ಗುರು ಆಗಲೇ ಶಿಷ್ಯನಿಗಾಗಿ ಯೂರೋಪಿನ ಕಚೇರಿಗಳ ಪ್ರವಾಸವನ್ನು ಗೊತ್ತುಮಾಡಿದ್ದ. ದಾರಿ ನೇರವಾಗಿತ್ತು, ಅದರ ಮೇಲೆ ನಡೆಯುವುದಷ್ಟೇ ಉಳಿದಿತ್ತು.

ಶಿಷ್ಯನು ಒಲ್ಲೆನೆಂದ. ತಾನು ಊರೂರು ಸುತ್ತಿ ನುಡಿಸುವವನಲ್ಲ, ಬರೆಯುವವನು ಎಂದು ತೀರ್ಮಾನಿಸಿಬಿಟ್ಟ. ಬಿಥೋವನ್ ತನ್ನ ಕೊನೆಗಾಲದಲ್ಲಿ ಬರೆದ ಸೊನಾಟಾಗಳು ಅವನನ್ನು ಆ ವೇಳೆಗೆ ಪೂರ್ತಿಯಾಗಿ ಸೆಳೆದುಕೊಂಡಿದ್ದವು. ಗುರುವಿಗೆ ಅಸಮಾಧಾನ. ಬೆನ್ನಿಗೆ ನಿಂತವರು ಇಬ್ಬರು: ಹಿರಿಯ ಅಣ್ಣ ಎಮಿಲ್ ಒಬ್ಬ, ಸಂಗೀತಶಾಸ್ತ್ರದಲ್ಲಿ ಮಹಾಪಂಡಿತನಾಗಿದ್ದ ತನೇಯೆಫ್ ಇನ್ನೊಬ್ಬ. ಸೊನಾಟಾದ ಆಕೃತಿಯನ್ನು ಈ ಹುಡುಗ ಹುಟ್ಟುವಾಗಲೇ ಪಡೆದುಕೊಂಡು ಬಂದಿದ್ದಾನೆ ಎಂಬುದು ತನೇಯೆಫನ ಅಭಿಪ್ರಾಯ. ಹಾಗೆಂದು ಮೆಟ್ನರ್ ಈ ಪಂಡಿತನ ಬಳಿಯಾಗಲಿ ಬೇರೆಯವರ ಬಳಿಯಾಗಲಿ ರಚನಾಶಾಸ್ತ್ರವನ್ನು ಪೂರ್ತಿ ಕಲಿತವನಲ್ಲ. ಆ ವಿದ್ಯೆಯನ್ನು ಅವನು ಬಹುಮಟ್ಟಿಗೆ ತಾನೇ ಸಂಪಾದಿಸಿಕೊಂಡ. ಇದು ತಾರುಣ್ಯದ ಹುಂಬತನವೆಂದು ನೆಂಟರಿಷ್ಟರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ತೀರ್ಮಾನದಿಂದ ಅವನು ಐವತ್ತು ವರ್ಷಗಳವರೆಗೆ ಕದಲಲಿಲ್ಲ.

ಸೊನಾಟಾ ಎಂಬ ಮಾತನ್ನು ಕುರಿತು ಒಂದೆರಡು ವಾಕ್ಯ ಹೇಳಬೇಕು. ನಮ್ಮ ಗಾಯಕನು ಪಲ್ಲವಿಯ ಒಂದು ಸಾಲನ್ನು ಎತ್ತಿಕೊಂಡು, ಅದನ್ನು ಕಾಲಗಳಲ್ಲಿ ಹಿಗ್ಗಿಸಿ ಕುಗ್ಗಿಸಿ, ಸ್ವರಗಳಲ್ಲಿ ಬೆಳಸಿ, ಕೊನೆಗೆ ಎತ್ತುಗಡೆಗೆ ತಂದು ಸೇರಿಸುತ್ತಾನಲ್ಲವೆ? ಸೊನಾಟಾವನ್ನು ಬರೆಯುವವನೂ ಒಂದೆರಡು ಸಣ್ಣ ಸ್ವರವಾಕ್ಯಗಳನ್ನು ಹಿಡಿದು, ಒಂದನ್ನೊಂದಕ್ಕೆ ಎದುರುಮಾಡಿ, ಬಿಡಿಸಿ, ಹೆಣೆದು, ಮನೆಗೆ ಮರಳಿ ತರುತ್ತಾನೆ. ವ್ಯತ್ಯಾಸವೇನೆಂದರೆ ಇಲ್ಲಿ ಎಲ್ಲವೂ ಮೊದಲೇ ಕಾಗದದ ಮೇಲೆ ಕಟ್ಟಿದ ಕಟ್ಟಡ. ಮೆಟ್ನರ್ ಇಂಥ ಹದಿನಾಲ್ಕು ಪಿಯಾನೋ ಸೊನಾಟಾಗಳನ್ನು ಬರೆದಿದ್ದಾನೆ. ೧೯೧೧ರಲ್ಲಿ ಮುಗಿಸಿದ ‘ಇರುಳ ಗಾಳಿ’ ಎಂಬುದು ಅರ್ಧ ಗಂಟೆಗೂ ಹೆಚ್ಚು ಕಾಲ ಬಿಡುವಿಲ್ಲದೆ ಒಂದೇ ಉಸಿರಿನಲ್ಲಿ ಹರಿಯುತ್ತದೆ. ನುಡಿಸುವವನ ಬೆರಳಿಗೂ ಕೇಳುವವನ ತಾಳ್ಮೆಗೂ ಅದು ಒರೆಗಲ್ಲು. ಅದನ್ನು ಅವನು ರಾಖ್ಮನಿನಾಫನಿಗೆ ಅರ್ಪಿಸಿದ. ನನಗಂತೂ ಆತನ ಚಿಕ್ಕ ಕೃತಿಗಳು ಹೆಚ್ಚು ಪ್ರಿಯ. ಅವನ್ನು ಅವನು ‘ಸ್ಕಾಜ್ಕಾ’ ಎಂದು ಕರೆದ. ಅಂದರೆ ಕತೆ, ಹಿರಿಯರು ಮಕ್ಕಳಿಗೆ ಹೇಳುವಂಥ ಹಳೆಯ ಕತೆ. ಮೂವತ್ತೆಂಟು ಇವೆ. ಯಾವ ಕತೆಯೆಂದು ಅವನು ಬಹುಪಾಲು ಹೇಳುವುದಿಲ್ಲ. ಆದರೂ ಯಾರೋ ದೀಪದ ಪಕ್ಕದಲ್ಲಿ ಕುಳಿತು, ದನಿಯನ್ನು ಒಮ್ಮೆ ತಗ್ಗಿಸಿ ಒಮ್ಮೆ ಏರಿಸಿ ಹೇಳುತ್ತಿರುವಂತೆ ಕೇಳಿಸುತ್ತದೆ.

ವೇದಿಕೆಯನ್ನು ಬಿಟ್ಟನೆಂದರೆ ಅವನು ಮತ್ತೆ ಪಿಯಾನೋದ ಮುಂದೆ ಜನರೆದುರು ಕೂರಲೇ ಇಲ್ಲವೆಂದಲ್ಲ. ತನ್ನ ಕೃತಿಗಳನ್ನೂ, ಅಪರೂಪಕ್ಕೆ ಬಿಥೋವನ್ನನ ಕೃತಿಗಳನ್ನೂ ನುಡಿಸುತ್ತಿದ್ದ. ನುಡಿಸಿದಾಗ ಕೇಳಿದವರು ಮರೆಯುತ್ತಿರಲಿಲ್ಲ. ಆದರೆ ರಂಗದ ಮೇಲೆ ಬೇಕಾಗುವ ಹೊಂದಾಣಿಕೆಯ ಗುಣ ಅವನಲ್ಲಿ ಇರಲಿಲ್ಲ. ೧೯೧೦ರಲ್ಲಿ ಬಿಥೋವನ್ನನ ನಾಲ್ಕನೆಯ ಕಾನ್ಸರ್ಟೊವನ್ನು, ಎಂದರೆ ಪಿಯಾನೋ ಮತ್ತು ವಾದ್ಯವೃಂದ ಕೂಡಿ ನುಡಿಸುವ ದೊಡ್ಡ ಕೃತಿಯನ್ನು, ಹಾಲೆಂಡಿನ ಪ್ರಸಿದ್ಧ ನಿರ್ದೇಶಕ ಮೆಂಗಲ್‌ಬರ್ಗನ ಜೊತೆಯಲ್ಲಿ ನುಡಿಸಬೇಕಾಗಿತ್ತು. ಅಭ್ಯಾಸದ ಸಮಯದಲ್ಲಿ ಲಯದ ವಿಷಯಕ್ಕೆ ಮಾತು ಬೆಳೆಯಿತು. ಮೆಂಗಲ್‌ಬರ್ಗ್ ಒರಟಾಗಿ ನಡೆದುಕೊಂಡ. ಮೆಟ್ನರ್ ಎದ್ದು ಹೊರಟುಹೋದ. ಮಾಸ್ಕೋದ ಸಂಗೀತಗಾರರು ಇವನ ಪಕ್ಷವನ್ನು ವಹಿಸಿ ಪತ್ರಿಕೆಗೆ ಬರೆದರು. ಪ್ರಸಂಗ ಚಿಕ್ಕದು. ಆದರೆ ಲಯ ಒಂದು ಕೂದಲೆಳೆ ತಪ್ಪಿದರೂ ತನ್ನ ದೇವರಿಗೆ ಅಪಚಾರವಾದಂತೆ ಭಾವಿಸುವ ಸ್ವಭಾವ ಅದರಲ್ಲಿ ಕಾಣುತ್ತದೆ. ಇಂಥವನು ಊರೂರಿನ ವ್ಯವಸ್ಥಾಪಕರೊಡನೆ ಹೇಗೆ ತಾನೆ ಬಾಳಿಯಾನು?

ಮನೆಯ ಕತೆ ಇನ್ನೂ ಸೂಕ್ಷ್ಮವಾದದ್ದು. ಆನ್ನಾ ಎಂಬ ಪಿಟೀಲು ವಾದಕಿಯನ್ನು ಅಣ್ಣ ಎಮಿಲ್ ಮದುವೆಯಾಗಿದ್ದ. ಆಕೆಯೂ ನಿಕೊಲಾಯನೂ ಒಬ್ಬರನ್ನೊಬ್ಬರು ಒಲಿದಿದ್ದರು; ಅದು ಅಣ್ಣನಿಗೂ ತಿಳಿದಿತ್ತು. ವರ್ಷಗಟ್ಟಲೆ ಮೂವರೂ ಒಂದೇ ಸಂಸಾರದ ನೆರಳಿನಲ್ಲಿ ಆ ನೋವನ್ನು ನುಂಗಿಕೊಂಡು ಬಾಳಿದರು. ೧೯೧೪ರಲ್ಲಿ ಯುದ್ಧ ಹೊತ್ತಿದಾಗ ಎಮಿಲ್ ಜರ್ಮನಿಯಲ್ಲಿ ಸಿಕ್ಕಿಬಿದ್ದ. ಅಲ್ಲಿಂದ ಸ್ವಿಟ್ಸರ್ಲೆಂಡಿಗೆ ಹೋದ. ಹೆಂಡತಿಯನ್ನು ಬಂಧನದಿಂದ ಬಿಡಿಸಿದ. ಕ್ರಾಂತಿಯ ನಂತರದ ದಿನಗಳಲ್ಲಿ ನಿಕೊಲಾಯನೂ ಆನ್ನಾಳೂ ಮದುವೆಯಾದರು. ತಮ್ಮನ ಪ್ರತಿಭೆಯನ್ನು ಮೊದಲು ನಂಬಿದವನು ಎಮಿಲ್. ತಮ್ಮನಿಗಾಗಿ ಕಳೆದುಕೊಂಡವನೂ ಅವನೇ. ಇದರಲ್ಲಿ ಯಾರ ತಪ್ಪು ಎಷ್ಟು ಎಂದು ತೂಗುವ ಕೆಲಸ ನನ್ನದಲ್ಲ. ಆನ್ನಾ ಮಾತ್ರ ತನ್ನ ವಾದ್ಯವನ್ನು ಬದಿಗಿಟ್ಟು, ಗಂಡನ ಬದುಕನ್ನೂ ಅವನ ಕಾಗದಪತ್ರಗಳನ್ನೂ ಕೊನೆಯವರೆಗೆ ಹೊತ್ತಳು.

೧೯೨೧ರಲ್ಲಿ ಗಂಡಹೆಂಡಿರು ರಷ್ಯವನ್ನು ಬಿಟ್ಟರು. ಮೊದಲು ಬರ್ಲಿನ್. ಯುದ್ಧದಲ್ಲಿ ಸೋತ ಆ ನಗರ ಹೊಸದನ್ನು ಹುಡುಕುತ್ತಿತ್ತು. ಬಿಥೋವನ್ನನ ಮಾತನ್ನು ಬಿಡದ ರಷ್ಯನ್ ಅದಕ್ಕೆ ಬೇಕಾಗಿರಲಿಲ್ಲ. ಇಲ್ಲಿ ರಾಖ್ಮನಿನಾಫನ ಕತೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅವನು ೧೯೧೭ರ ಕೊನೆಯಲ್ಲಿ ತಾಯ್ನಾಡನ್ನು ತೊರೆದಾಗ ನಾಲ್ವತ್ತನಾಲ್ಕು ವರ್ಷದವನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೈಯಲ್ಲಿ ಹಣವಿಲ್ಲ. ಅವನು ಕುಳಿತು ಲೆಕ್ಕಹಾಕಿ, ಕಚೇರಿ ವಾದಕನಾಗಲು ನಿಶ್ಚಯಿಸಿದ. ಆ ವಯಸ್ಸಿನಲ್ಲಿ ಇತರರ ಕೃತಿಗಳನ್ನು ಹೊಸದಾಗಿ ಅಭ್ಯಾಸಮಾಡಿ ಅಮೆರಿಕದ ಅತಿ ಹೆಚ್ಚು ಬೇಡಿಕೆಯ ವಾದಕನಾದ. ಬೆಲೆಯನ್ನೂ ತೆತ್ತ. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಅವನಿಂದ ಹೊರಬಂದ ದೊಡ್ಡ ಕೃತಿಗಳು ಆರೇ. ಮೆಟ್ನರ್ ತದ್ವಿರುದ್ಧ. ಹೊಟ್ಟೆಗೆ ತಕ್ಕಷ್ಟು ಪಾಠ ಹೇಳುವುದು, ಸಾಲವಾದಾಗ ಕಚೇರಿಯೊಂದನ್ನು ಒಪ್ಪಿಕೊಳ್ಳುವುದು, ಉಳಿದ ಕಾಲವೆಲ್ಲ ಬರೆಯುವುದು. ಬಡವನಾಗಿಯೇ ಉಳಿದ, ಬರೆಯುವುದು ನಿಲ್ಲಲಿಲ್ಲ. ಯಾರು ಸರಿ? ಈ ಪ್ರಶ್ನೆಗೆ ಉತ್ತರ ಕೊಡಲು ನಾನು ಹಲವು ಸಲ ಯತ್ನಿಸಿದ್ದೇನೆ. ಮಕ್ಕಳಿದ್ದ ಸಂಸಾರಿಯನ್ನೂ ಇಲ್ಲದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಳಗೇ ಕೊರಗಿರಬೇಕೆಂದು ನನ್ನ ಊಹೆ.

ಸ್ನೇಹವಂತೂ ಎಂದೂ ಸಡಿಲಲಿಲ್ಲ. ರಾಖ್ಮನಿನಾಫ್ ತನ್ನ ನಾಲ್ಕನೆಯ ಕಾನ್ಸರ್ಟೊವನ್ನು ಮೆಟ್ನರನಿಗೆ ಅರ್ಪಿಸಿದ. ಮೆಟ್ನರ್ ತನ್ನ ಎರಡನೆಯದನ್ನು ರಾಖ್ಮನಿನಾಫನಿಗೆ ಅರ್ಪಿಸಿದ. ೧೯೨೪–೨೫ರ ಅಮೆರಿಕ ಪ್ರವಾಸಕ್ಕೆ ದಾರಿಮಾಡಿಕೊಟ್ಟವನು ಅವನೇ. ಪ್ರವಾಸದಿಂದ ಹಿಂದಿರುಗಿದ ದಂಪತಿಗಳು ಪ್ಯಾರಿಸಿನ ಆಸುಪಾಸಿನಲ್ಲಿ ನೆಲೆಸಿದರು. ೧೯೨೭ರಲ್ಲಿ ಮೆಟ್ನರ್ ಒಮ್ಮೆ ತಾಯ್ನಾಡಿಗೆ ಹೋಗಿ, ತನ್ನ ಎರಡನೆಯ ಕಾನ್ಸರ್ಟೊವನ್ನು ಮಾಸ್ಕೋದಲ್ಲಿ ಮೊದಲ ಬಾರಿಗೆ ನುಡಿಸಿ ಬಂದ. ಆ ಮಣ್ಣನ್ನು ಅವನು ಮತ್ತೆ ಮೆಟ್ಟಲಿಲ್ಲ. ೧೯೨೯–೩೦ರ ಎರಡನೆಯ ಅಮೆರಿಕ ಪ್ರವಾಸದ ಕೊನೆಯಲ್ಲಿ ಕೈಗೆ ಬಂದ ಸಂಭಾವನೆಯ ಚೆಕ್ಕಿಗೆ ಬ್ಯಾಂಕಿನಲ್ಲಿ ಹಣವಿರಲಿಲ್ಲ. ಆಗಲೂ ಕೈಹಿಡಿದು ಎತ್ತಿದವನು ರಾಖ್ಮನಿನಾಫನೇ. ಜಗತ್ತಿನ ವ್ಯವಹಾರದಲ್ಲಿ ಮೆಟ್ನರ್ ಮಗುವಿನಂಥವನು. ಮಗುವನ್ನು ವಂಚಿಸುವವರಿಗೆ ಯಾವ ದೇಶದಲ್ಲಿಯೂ ಕೊರತೆಯಿಲ್ಲ.

ಪ್ಯಾರಿಸಿನ ಈ ವರ್ಷಗಳಲ್ಲಿ ಅವನು ಒಂದು ಪುಸ್ತಕವನ್ನು ಬರೆದ. ಅದರ ಹೆಸರನ್ನು ಕನ್ನಡದಲ್ಲಿ ‘ಕಲಾದೇವಿಯೂ ಕಾಲದ ಷೋಕಿಯೂ’ ಎನ್ನಬಹುದು. ರಾಖ್ಮನಿನಾಫನ ಪ್ರಕಾಶನ ಅದನ್ನು ೧೯೩೫ರಲ್ಲಿ ಹೊರತಂದಿತು. ಸಂಗೀತಕ್ಕೆ ತನ್ನದೇ ಆದ ಒಂದು ಭಾಷೆಯಿದೆ, ಅದರ ವ್ಯಾಕರಣ ಯಾವನೊಬ್ಬನ ಸೃಷ್ಟಿಯಲ್ಲ, ಅದನ್ನು ಒಡೆದವನು ಸ್ವತಂತ್ರನಾಗುವುದಿಲ್ಲ, ಮೂಗನಾಗುತ್ತಾನೆ ಎಂಬುದು ಅದರ ವಾದ. ಷೋನ್‌ಬರ್ಗ್, ಸ್ಟ್ರಾವಿನ್‌ಸ್ಕಿ ಮೊದಲಾದವರು ಹಳೆಯ ಕಟ್ಟಡವನ್ನು ಕೆಡವುತ್ತಿದ್ದ ಕಾಲ ಅದು. ಈ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಹೊಸಗನ್ನಡದಲ್ಲಿ ನವೋದಯ, ನವ್ಯ ಎಂದು ಒಂದರ ಬೆನ್ನಿಗೊಂದು ಬಂದುದನ್ನು ಕಂಡ ನಮಗೆ ವ್ಯಾಕರಣವೂ ಬದಲಾಗುತ್ತದೆಂದು ಗೊತ್ತು. ಇಂದು ಅಪಶಬ್ದವೆನಿಸಿದ್ದು ನಾಳೆ ಕಾವ್ಯವಾಗುತ್ತದೆಂದೂ ಗೊತ್ತು. ಆದರೆ ಆತನ ಮಾತಿನ ಹಿಂದೆ ಸೋತವನ ಕಹಿಯಿಲ್ಲ, ಭಕ್ತನ ಆತಂಕವಿದೆ. ತಾನು ನಂಬಿದ ಭಾಷೆಯಲ್ಲಿ ಇನ್ನೂ ಹೇಳದೆ ಉಳಿದದ್ದು ಬೇಕಾದಷ್ಟಿದೆ ಎಂಬುದನ್ನು ಅವನು ವಾದದಿಂದಲ್ಲ, ಕೃತಿಗಳಿಂದ ತೋರಿಸಿದ. ಅದಕ್ಕೆ ನನ್ನ ಗೌರವವಿದೆ.

ಆ ಹೊತ್ತಿಗೆ ಅವನನ್ನು ಆದರಿಸಿದ ನಾಡೆಂದರೆ ಇಂಗ್ಲೆಂಡ್ ಒಂದೇ. ೧೯೩೫ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆಯಲ್ಲಿ ಮನೆಮಾಡಿದ. ಮರುವರ್ಷ ಎಮಿಲ್ ತೀರಿಕೊಂಡ. ೧೯೩೯ರಲ್ಲಿ ಮತ್ತೆ ಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣವೂ ನಿಂತಿತು. ಪಾಠಕ್ಕೆ ಬರುವವರೂ ಇಲ್ಲವಾದರು. ಲಂಡನ್ನಿನ ಮೇಲೆ ಬಾಂಬು ಬೀಳತೊಡಗಿತು. ಆತನ ಸಂಗೀತವನ್ನೇ ವ್ರತವಾಗಿ ಹಿಡಿದಿದ್ದ ಎಡ್ನಾ ಐಲ್ಸ್ ಎಂಬ ಆಂಗ್ಲ ಪಿಯಾನೋ ವಾದಕಿಯ ಕುಟುಂಬ ದಂಪತಿಗಳನ್ನು ವಾರಿಕ್‌ಷೈರಿಗೆ ಕರೆದೊಯ್ದು ಆಶ್ರಯ ಕೊಟ್ಟಿತು. ಅಲ್ಲಿ ೧೯೪೨ರಲ್ಲಿ ಹೃದಯಾಘಾತವಾಯಿತು. ಚೇತರಿಸಿಕೊಂಡು ಮೂರನೆಯ ಕಾನ್ಸರ್ಟೊವನ್ನು ೧೯೪೩ರಲ್ಲಿ ಮುಗಿಸಿದ; ಅದೇ ವರ್ಷ ಮಾರ್ಚಿಯಲ್ಲಿ ಅಮೆರಿಕದಲ್ಲಿ ರಾಖ್ಮನಿನಾಫ್ ಮಡಿದ. ೧೯೪೪ರ ಫೆಬ್ರವರಿಯಲ್ಲಿ, ಯುದ್ಧವಿನ್ನೂ ನಡೆಯುತ್ತಿರುವಾಗಲೇ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಏಡ್ರಿಯನ್ ಬೌಲ್ಟನ ನಿರ್ದೇಶನದಲ್ಲಿ ಅದನ್ನು ತಾನೇ ನುಡಿಸಿದ. ಅರವತ್ತನಾಲ್ಕು ವರ್ಷದ, ಹೃದ್ರೋಗಿಯಾದ, ಹಣವಿಲ್ಲದ ಮುದುಕ. ಇಪ್ಪತ್ತರ ಪ್ರಾಯದಲ್ಲಿ ಬೇಡವೆಂದ ವೇದಿಕೆಯ ಮೇಲೆ ಈಗ ಕುಳಿತಿದ್ದ.

ಈ ಕತೆಗೆ ಮೈಸೂರು ಬಂದು ಸೇರುವುದು ಇಲ್ಲಿ. ಜಯಚಾಮರಾಜ ಒಡೆಯರು ಹುಟ್ಟಿದ್ದು ೧೯೧೯ರಲ್ಲಿ. ಕರ್ನಾಟಕ ಸಂಗೀತದಲ್ಲಿ ಅವರು ‘ಶ್ರೀವಿದ್ಯಾ’ ಮುದ್ರೆಯಿಂದ ರಚಿಸಿದ ತೊಂಬತ್ತನಾಲ್ಕು ಕೃತಿಗಳನ್ನು ನಮ್ಮ ವಿದ್ವಾಂಸರು ಹಾಡುತ್ತ ಬಂದಿದ್ದಾರೆ. ಆದರೆ ಅವರು ಮೊದಲು ಕೈಹಾಕಿದ್ದು ಪಿಯಾನೋಗೆ. ಲಂಡನ್ನಿನ ಗಿಲ್ಡ್‌ಹಾಲ್ ಮತ್ತು ಟ್ರಿನಿಟಿ ಸಂಗೀತ ವಿದ್ಯಾಲಯಗಳ ಮನ್ನಣೆ ಪಡೆದಿದ್ದರು. ಕಚೇರಿ ವಾದಕರಾಗಬೇಕೆಂಬ ಹಂಬಲವೂ ಇತ್ತು. ೧೯೪೦ರ ಮಾರ್ಚಿಯಲ್ಲಿ ತಂದೆ ಯುವರಾಜರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇಪ್ಪತ್ತೊಂದರ ಪ್ರಾಯದಲ್ಲಿ ಸಿಂಹಾಸನವನ್ನೇರಿದವರಿಗೆ ಆ ಹಂಬಲವನ್ನು ಕೈಬಿಡದೆ ಗತಿಯಿರಲಿಲ್ಲ. ವೇದಿಕೆ ತಾನಾಗಿ ಕರೆದರೂ ಹೋಗದವನು ಒಬ್ಬ. ಹೋಗಬೇಕೆಂದು ಬಯಸಿಯೂ ಹೋಗಲಾಗದವರು ಇನ್ನೊಬ್ಬರು. ಮಹಾರಾಜರು ಮೆಟ್ನರನ ಸಂಗೀತಕ್ಕೆ ಮಾರುಹೋದರು. ಇಷ್ಟು ದೊಡ್ಡ ರಚನೆಕಾರನ ಕೃತಿಗಳು ಧ್ವನಿಮುದ್ರಿಕೆಗಳಲ್ಲಿ ಸರಿಯಾಗಿ ದೊರೆಯುವುದಿಲ್ಲವೆಂಬುದು ಅವರಿಗೆ ಸಹಿಸಲಿಲ್ಲ. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಎಂಬ ಸಂಸ್ಥೆ ಅವರ ಹಣದಿಂದ ಹುಟ್ಟಿತು. ಆತನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಂಪೆನಿಯ ತಟ್ಟೆಗಳಲ್ಲಿ ಹಿಡಿದಿಡುವುದು ಅದರ ಉದ್ದೇಶ. ಅದೇ ವರ್ಷಗಳಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಸ್ಥೆಗೂ ಅವರು ಬೆಂಬಲವಾಗಿ ನಿಂತರು. ೧೯೫೦ರಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದೂ ಅವರ ಆಶ್ರಯದಿಂದಲೇ. ಇತ್ತ ೧೯೪೭ರಲ್ಲಿ ಅವರ ಸಂಸ್ಥಾನವೇ ಹೊಸ ಭಾರತದಲ್ಲಿ ಸೇರಿಹೋಗುತ್ತಿತ್ತೆಂಬುದನ್ನು ನೆನೆದರೆ, ಇಂಥದಕ್ಕೆ ಮನಸ್ಸು ಬಿಡುವಾಗಿದ್ದುದೇ ಒಂದು ವಿಶೇಷ.

ಧ್ವನಿಮುದ್ರಣವೆಂದರೆ ಆಗ ಸುಲಭದ ಕೆಲಸವಲ್ಲ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಸುತ್ತುವ ತಟ್ಟೆಯ ಒಂದು ಬದಿಗೆ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಸುತ್ತಿತ್ತು. ಅರ್ಧ ಗಂಟೆಯ ಕೃತಿಯನ್ನು ಏಳೆಂಟು ತುಂಡುಮಾಡಿ, ಪ್ರತಿ ತುಂಡನ್ನೂ ತಡೆಯಿಲ್ಲದೆ ನುಡಿಸಬೇಕು. ಮೂರನೆಯ ನಿಮಿಷದಲ್ಲಿ ಒಂದು ಬೆರಳು ಜಾರಿದರೆ ಆ ಬದಿಯನ್ನೆಲ್ಲ ಮೊದಲಿನಿಂದ ನುಡಿಸಬೇಕು. ಹೃದಯ ದುರ್ಬಲವಾಗಿದ್ದ ಮೆಟ್ನರ್ ೧೯೪೭ರಿಂದ ಕೆಲವು ವರ್ಷ ಈ ಶ್ರಮವನ್ನು ಸಂತೋಷದಿಂದ ಹೊತ್ತ. ಮೂರು ಕಾನ್ಸರ್ಟೊಗಳು, ಸೊನಾಟಾಗಳು, ಕತೆಗಳು, ಹಾಡುಗಳು. ಹಾಡುಗಳಲ್ಲಿ ಕೆಲವನ್ನು ಎಲಿಸಬೆತ್ ಷ್ವಾರ್ಟ್ಸ್‌ಕಾಫ್ ಹಾಡಿದಳು. ಎರಡು ಪಿಯಾನೋಗಳ ಒಂದು ಕೃತಿಯಲ್ಲಿ ಮೊಯ್ಸೆಯೆವಿಚ್ ಜೊತೆಯಾದ. ಕೃತಜ್ಞತೆಯ ಗುರುತಾಗಿ ಮೆಟ್ನರ್ ತನ್ನ ಮೂರನೆಯ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ.

ಆ ಮುದ್ರಿಕೆಗಳನ್ನು ನಾನು ಕೇಳಿದ್ದೇನೆ. ಇಂದಿನ ಹೊಸ ಸಾಧನಗಳಲ್ಲಿ ಅವು ಮತ್ತೆ ಸಿಗುತ್ತವೆ. ಹಳೆಯ ತಟ್ಟೆಯ ಸರಸರ ಸದ್ದಿನ ಹಿಂದಿನಿಂದ ಬರುವ ಆ ನಾದದಲ್ಲಿ ಮುಪ್ಪಿನ ಕುರುಹಿಲ್ಲ. ಆಶ್ಚರ್ಯವೆನಿಸುವುದು ಲಯ. ಎಡಗೈ ಒಂದು ಎಣಿಕೆಯಲ್ಲಿ, ಬಲಗೈ ಇನ್ನೊಂದರಲ್ಲಿ ನಡೆಯುತ್ತಿರುವಾಗಲೂ ಎರಡೂ ಒಂದೇ ಎದೆಯ ಬಡಿತದಂತೆ ಕೇಳಿಸುತ್ತವೆ. ಭಾವವನ್ನು ಅವನು ಹಿಂಡುವುದಿಲ್ಲ. ರಾಗ ಹೃದಯವನ್ನು ಮುಟ್ಟುವ ಕಡೆಯಲ್ಲಿಯೇ ಕೈ ಇನ್ನಷ್ಟು ಹಗುರವಾಗುತ್ತದೆ. ‘ನೆನಪಿನ ಸೊನಾಟಾ’ ಎಂಬುದೊಂದಿದೆ. ರಷ್ಯವನ್ನು ಬಿಡುವ ಮುನ್ನ, ಕ್ರಾಂತಿಯ ಹಸಿವಿನ ದಿನಗಳಲ್ಲಿ, ಅವನು ತನ್ನ ಹಳೆಯ ಟಿಪ್ಪಣಿ ಪುಸ್ತಕಗಳಲ್ಲಿ ಗೀಚಿಟ್ಟಿದ್ದ ಸ್ವರವಾಕ್ಯಗಳನ್ನು ಹೆಕ್ಕಿ ‘ಮರೆತ ರಾಗಗಳು’ ಎಂಬ ಮಾಲೆಯನ್ನು ಕಟ್ಟಿದ. ಅದರ ಮೊದಲ ಕೃತಿ ಇದು. ಮುಂದೆ ಎಮಿಲ್ ಗಿಲೆಲ್ಸ್ ಅದನ್ನು ಲೋಕಪ್ರಸಿದ್ಧವಾಗಿ ನುಡಿಸಿದ. ಇದನ್ನು ಕೇಳಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ದುರದೃಷ್ಟ ಇಲ್ಲಿಯೂ ಬೆನ್ನುಬಿಡಲಿಲ್ಲ. ಸೊಸೈಟಿಯ ಭಾರವಾದ ತಟ್ಟೆಗಳ ಸಂಪುಟಗಳು ಹೊರಬರುತ್ತಿದ್ದ ಹೊತ್ತಿಗೇ ನಿಧಾನವಾಗಿ ಸುತ್ತುವ, ಹೆಚ್ಚು ಹೊತ್ತು ನುಡಿಯುವ ಹೊಸ ತಟ್ಟೆಗಳು ಅಮೆರಿಕದಲ್ಲಿ ಬಂದಿದ್ದವು. ಕೆಲವೇ ವರ್ಷಗಳಲ್ಲಿ ಹಳೆಯವನ್ನು ಕೊಳ್ಳುವವರಿಲ್ಲವಾಯಿತು. ಮೆಟ್ನರನ ಮುದ್ರಿಕೆಗಳು ಸಂಗ್ರಾಹಕರ ಕಪಾಟುಗಳನ್ನು ಸೇರಿದವು. ಅವನಿಗೆ ಅದನ್ನು ಕಾಣುವ ಪ್ರಮೇಯ ಬರಲಿಲ್ಲ. ೧೯೦೪ರ ಸುಮಾರಿನಲ್ಲಿ ಆರಂಭಿಸಿ ಜೀವಮಾನವೆಲ್ಲ ಜೊತೆಯಲ್ಲಿಟ್ಟುಕೊಂಡಿದ್ದ ಪಿಯಾನೋ ಪಂಚವಾದ್ಯ ಕೃತಿಯನ್ನು ೧೯೪೯ರಲ್ಲಿ ಮುಗಿಸಿ, ೧೯೫೧ರ ನವೆಂಬರ್ ೧೩ರಂದು ಗೋಲ್ಡರ್ಸ್ ಗ್ರೀನಿನ ಮನೆಯಲ್ಲಿ ತೀರಿಕೊಂಡ. ಹೆಂಡನ್ ಸ್ಮಶಾನದಲ್ಲಿ ಅವನನ್ನು ಅಣ್ಣ ಎಮಿಲನ ಪಕ್ಕದಲ್ಲಿ ಮಣ್ಣುಮಾಡಿದರು.

ಆನ್ನಾ ಇನ್ನೂ ಹದಿನಾಲ್ಕು ವರ್ಷ ಬದುಕಿದಳು. ೧೯೫೮ರಲ್ಲಿ, ಎಂಬತ್ತನ್ನು ದಾಟಿದ ಆಕೆ, ಗಂಡನ ಹಸ್ತಪ್ರತಿಗಳನ್ನು ತೆಗೆದುಕೊಂಡು ರಷ್ಯಕ್ಕೆ ಹಿಂದಿರುಗಿದಳು. ಅವನನ್ನು ಬಹುಮಟ್ಟಿಗೆ ಮರೆತಿದ್ದ ಮಾಸ್ಕೋ ೧೯೫೯ರಿಂದ ೧೯೬೩ರ ಒಳಗೆ ಅವನ ಸಮಗ್ರ ಕೃತಿಗಳನ್ನು ಹನ್ನೆರಡು ಸಂಪುಟಗಳಲ್ಲಿ ಅಚ್ಚುಹಾಕಿತು. ಪಿಯಾನೋ ಅಭ್ಯಾಸವನ್ನು ಕುರಿತು ಅವನು ತನಗಾಗಿ ಬರೆದುಕೊಂಡಿದ್ದ ಟಿಪ್ಪಣಿಗಳೂ ೧೯೬೩ರಲ್ಲಿ ಪುಸ್ತಕವಾಗಿ ಬಂದವು. ಕಚೇರಿ ವಾದಕನಾಗಲು ಒಪ್ಪದವನ ಆ ಟಿಪ್ಪಣಿಗಳನ್ನು ರಷ್ಯದ ತರುಣ ಪಿಯಾನೋ ವಾದಕರು ಅಭ್ಯಾಸದ ಕೋಣೆಯಲ್ಲಿಟ್ಟುಕೊಂಡು ಓದತೊಡಗಿದರು.